ಪಜಲ್ ಅಡ್ವೆಂಚರ್ ಗೇಮ್ ಮಾಡುತ್ತಿದ್ದೇನೆ, ಆಡುವವರು ಅರ್ಧಕ್ಕೇ ಬಿಡುತ್ತಿದ್ದಾರೆ. ಮೂರನೇ ಕೋಣೆಯಲ್ಲಿ ಗಡಿಯಾರದ ಮುಳ್ಳು ತಿರುಗಿಸಿ ಗಂಟೆ ಹೊಡೆಸಿದರೆ ಕಾವಲುಗಾರ ಎದ್ದು ಹೋಗುತ್ತಾನೆ, ಆದರೆ ಎಲ್ಲರೂ ಮುಳ್ಳನ್ನು ಸುಮ್ಮನೆ ತಿರುಗಿಸುತ್ತಾ ಅಲ್ಲೇ ನಿಂತುಬಿಡುತ್ತಾರೆ. ಪಜಲ್ ಸುಲಭ ಮಾಡಲೇ, ಸುಳಿವಿನ ಬಟನ್ ಹಾಕಲೇ?

ಸದ್ಯಕ್ಕೆ ಎರಡೂ ಬೇಡ. ಮೂರನೇ ಕೋಣೆಯ ಗಡಿಯಾರದ ಹತ್ತಿರ ಎಲ್ಲರೂ ನಿಂತುಬಿಡುತ್ತಾರೆ ಅಂತ ಬರೆದಿದ್ದೀರಲ್ಲ, ನನ್ನ ಆಟದಲ್ಲಿ ಆ ಜಾಗದಲ್ಲಿ ಒಂದು ಹಿತ್ತಾಳೆ ದೀಪ ಇತ್ತು.

ಹಳೇ ತೊಟ್ಟಿಮನೆ. ಅಟ್ಟದ ಮೇಲೆ ಮೂರಂಕಿ ಬೀಗದ ಪೆಟ್ಟಿಗೆ. ಆ ಮೂರು ಅಂಕಿಗಳನ್ನು ದೇವರಮನೆಯ ದೀಪದ ಬುಡದಲ್ಲಿ ಕೆತ್ತಿದೆ, ಆದರೆ ಮೇಲೆ ಕಿಲುಬು ಕೂತಿದೆ. ಅಡುಗೆಮನೆಯಿಂದ ಹುಣಸೆಹಣ್ಣು ತಂದು ತಿಕ್ಕಿದರೆ ಕಾಣುತ್ತವೆ. ಸುಳಿವು ಅಂತ ಇದ್ದದ್ದು ಅಜ್ಜಿಯ ಚೀಟಿಯ ಒಂದು ಸಾಲು: "ದೀಪ ಬೆಳಗು, ದಾರಿ ಕಾಣುತ್ತೆ." ಬೆಳಗುವುದು ಅಂದರೆ ಹಚ್ಚುವುದೂ ಹೌದು, ಪಾತ್ರೆ ತಿಕ್ಕಿ ಹೊಳಪು ಬರಿಸುವುದೂ ಹೌದು. ಈ ಶ್ಲೇಷೆ ಹೊಳೆದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಐದು ಜನರ ಕೈಯಲ್ಲಿ ಆಡಿಸಿದೆ. ಐವರೂ ಎಣ್ಣೆ, ಬತ್ತಿ, ಬೆಂಕಿಪೊಟ್ಟಣ ಹುಡುಕಿಕೊಂಡು ಹೋದರು. ಮೂವರು ಅಲ್ಲೇ ಬಿಟ್ಟರು. ಕಷ್ಟ ಜಾಸ್ತಿಯಾಯಿತು ಅಂದುಕೊಂಡು ಹುಣಸೆಹಣ್ಣು ಮಿನುಗುವ ಹಾಗೆ ಮಾಡಿದೆ. ಕೆಲಸ ಇನ್ನಷ್ಟು ಕೆಟ್ಟಿತು. ಮಿನುಗಿದ್ದನ್ನು ಎತ್ತಿಕೊಂಡವರು ಅದನ್ನು ಬಾಗಿಲಿಗೆ, ಬಾವಿಗೆ, ಬೆಕ್ಕಿಗೆ ಹೀಗೆ ಸಿಕ್ಕಿದ್ದಕ್ಕೆಲ್ಲ ಒತ್ತುತ್ತಾ ಬಂದು ಕೊನೆಗೆ ದೀಪಕ್ಕೂ ಒತ್ತಿದರು. ಅಂಕಿ ಕಂಡಿತು, ಪೆಟ್ಟಿಗೆ ತೆರೆಯಿತು. ಒಬ್ಬರ ಮುಖದಲ್ಲೂ 'ಓಹೋ' ಇಲ್ಲ. ಆ 'ಓಹೋ' ಬಿಟ್ಟರೆ ಈ ಜಾತಿಯ ಆಟದಲ್ಲಿ ಮಾರುವುದಕ್ಕೆ ಬೇರೇನೂ ಇಲ್ಲ.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ. ದೀಪದ ಬುಡದಲ್ಲಿ ಏನೋ ಅಡಗಿದೆ ಅನ್ನುವುದೇ ಆಡುವವರಿಗೆ ಗೊತ್ತಿರಲಿಲ್ಲ. ದೀಪ ಕಪ್ಪಗಿತ್ತು, ಹಳೇ ಮನೆಯ ದೀಪ ಕಪ್ಪಗೇ ಇರುತ್ತದೆ. ಹುಣಸೆಹಣ್ಣೋ ಮೊದಲ ದೃಶ್ಯದಲ್ಲೇ ಸಿಗುತ್ತಿತ್ತು, ದೀಪ ನೋಡುವುದಕ್ಕೆ ಇಪ್ಪತ್ತು ನಿಮಿಷ ಮೊದಲು. ಅಂದರೆ ಬೀಗ ಕಾಣಿಸದೆ ಕೀಲಿ ಕೊಟ್ಟಿದ್ದೆ. ಮಂಕಿ ಐಲ್ಯಾಂಡ್ ಎಂಬ ಹಳೇ ಅಡ್ವೆಂಚರ್ ಗೇಮ್ ಮಾಡಿದ ರಾನ್ ಗಿಲ್ಬರ್ಟ್ 1989ರಲ್ಲೇ ಇದನ್ನು 'ತಿರುಗುಮುರುಗು ಪಜಲ್' ಎಂಬ ಅರ್ಥದ ಹೆಸರಿಟ್ಟು ಬೈದಿದ್ದರು. ಮೊದಲು ಕಂದಕ ಕಾಣಬೇಕು, ಆಮೇಲೆ ಹಗ್ಗ ಸಿಗಬೇಕು. ನಾನು ಅದನ್ನು ಓದಿದ್ದೆ, ತಲೆಯಾಡಿಸಿದ್ದೆ, ಆದರೂ ಮಾಡಿದೆ. ಯಾಕೆಂದರೆ ಬರೆದವನಿಗೆ ಬೀಗ ಯಾವತ್ತೂ ಕಾಣುತ್ತಲೇ ಇರುತ್ತದೆ.

ಶ್ಲೇಷೆ ಅದರ ಮೇಲೆ ಇನ್ನೊಂದು ಬರೆ. 'ಪಾತ್ರೆ ಬೆಳಗು' ಅನ್ನುವುದನ್ನು ಕೇಳಿ ಬೆಳೆಯದವರಿಗೆ ಆ ಸಾಲಿಗೆ ಒಂದೇ ಅರ್ಥ. ಮಂಕಿ ಐಲ್ಯಾಂಡ್‌ನ ಎರಡನೇ ಆಟದಲ್ಲಿ (1991) ಇದೇ ಗುಂಡಿ ಇದೆ. ಪಿಯಾನೋ ಬಾರಿಸುವ ಕೋತಿಯನ್ನು ಮಂಕು ಹಿಡಿಸಿ ಜೇಬಿಗೆ ಹಾಕಿಕೊಂಡು, ಜಲಪಾತದ ಹತ್ತಿರದ ಪಂಪನ್ನು ಆ ಕೋತಿಯಿಂದಲೇ ತಿರುಗಿಸಿ ನೀರು ನಿಲ್ಲಿಸಬೇಕು. ಅಮೆರಿಕದಲ್ಲಿ ನಟ್ಟು ಬೋಲ್ಟು ತಿರುಗಿಸುವ ಒಂದು ಥರದ ಪಾನಾಕ್ಕೆ 'ಮಂಕಿ ರೆಂಚ್' ಅನ್ನುತ್ತಾರೆ, ಅಷ್ಟೇ ಅದರ ತರ್ಕ. ಇಂಗ್ಲೆಂಡಿನವರೇ ಅದನ್ನು ಸ್ಪ್ಯಾನರ್ ಅನ್ನುವಾಗ ನಮ್ಮ ಹುಡುಗರಿಗೆ ಹೇಗೆ ಹೊಳೆಯಬೇಕು? ಪದದಾಟ ಬಿಡಿಸಿದ ಮೇಲೆ ನಗಿಸುವುದಕ್ಕೆ ಚೆನ್ನ. ಅದೊಂದೇ ದಾರಿ ಆಗಬಾರದು.

ಇದಕ್ಕಿಂತ ನಾಚಿಕೆಯದು ಇನ್ನೊಂದು. ಒಬ್ಬರು ಕಿಲುಬು ಗಮನಿಸಿ, ಹಿತ್ತಿಲಿನ ನಿಂಬೆಹಣ್ಣು ತಂದು ದೀಪಕ್ಕೆ ಹಾಕಿದರು. ನೂರಕ್ಕೆ ನೂರು ಸರಿ. ಹುಳಿ ಯಾವುದಾದರೂ ಕಿಲುಬು ಕರಗಿಸುತ್ತದೆ, ಉಪ್ಪು ಸೇರಿದರೆ ಬೇಗ. ನನ್ನ ಆಟ ಹೇಳಿದ್ದು: "ಇದರಿಂದ ಏನೂ ಆಗುವುದಿಲ್ಲ." ಲೋಕಕ್ಕೆ ಸರಿಯಾದ ಉತ್ತರವನ್ನು ಆಟ ತಪ್ಪು ಅಂದರೆ, ಆಮೇಲಿನ ಯಾವ ಪಜಲ್‌ನಲ್ಲೂ ಆಡುವವರು ತಲೆ ಓಡಿಸುವುದಿಲ್ಲ. ಎಲ್ಲದಕ್ಕೂ ಎಲ್ಲವನ್ನೂ ಒತ್ತಿ ನೋಡುತ್ತಾರೆ.

ಸರಿಪಡಿಸಿದ್ದು ಹೀಗೆ. ದೀಪವನ್ನು ಮೊದಲ ದೃಶ್ಯಕ್ಕೆ ತಂದೆ. ಕೊನೆಯ ಅಂಕಿ ಮಾತ್ರ ಕಿಲುಬಿನ ಅಂಚಿನಲ್ಲಿ ಅರ್ಧ ಕಾಣುತ್ತದೆ, ಕ್ಲಿಕ್ ಮಾಡಿದರೆ "ಕೆಳಗೆ ಇನ್ನೂ ಏನೋ ಕೆತ್ತಿದೆ" ಅನ್ನುತ್ತದೆ. ಬಚ್ಚಲಲ್ಲಿ ಅರ್ಧ ತಿಕ್ಕಿದ ತಂಬಿಗೆ ಇಟ್ಟೆ, ಒಂದು ಪಕ್ಕ ಕಪ್ಪು, ಒಂದು ಪಕ್ಕ ಹೊಳಪು, ಹತ್ತಿರದಲ್ಲಿ ಹಿಂಡಿ ಬಿಟ್ಟ ಹುಣಸೆ ಚರಟ. ಹುಣಸೆ, ನಿಂಬೆ, ಹುಳಿಮಜ್ಜಿಗೆ ಮೂರನ್ನೂ ಒಪ್ಪಿಸಿದೆ. ಎಣ್ಣೆ ಹಾಕಿದರೆ "ಹೊಳೆಯಿತು, ಕಿಲುಬು ಅಲ್ಲೇ ಇದೆ" ಅನ್ನುತ್ತದೆ, ದೀಪ ಹಚ್ಚಿದರೆ ಬುಡಕ್ಕೆ ನೆರಳು ಬೀಳುತ್ತದೆ. ತಪ್ಪು ಪ್ರಯತ್ನಕ್ಕೆ ಸಿಗುವ ಉತ್ತರವೇ ಸುಳಿವಾದರೆ ಬೇರೆ ಬಟನ್ ಬೇಕಾಗುವುದು ಅಪರೂಪ. ಅಂಕಿಗಳು ಕನ್ನಡದವು. ಅವು ಓದಲು ಬಾರದವರೂ ಇದ್ದಾರೆ ಅಂತ ಬೀಗದ ಮೇಲೂ ಕನ್ನಡ ಅಂಕಿಗಳನ್ನೇ ಹಾಕಿದೆ, ಆಕಾರ ಹೊಂದಿಸಿದರೆ ಸಾಕು.

(ಕನ್ನಡದಲ್ಲಿ ಮಾಡುತ್ತಿದ್ದು, ಗೇಮ್ ಕಟ್ಟುವ ತಂತ್ರಾಂಶ ಗೊಡೋ ಆಗಿದ್ದರೆ ಆ ಎಂಜಿನ್‌ನ 4ನೇ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ಬಳಸಿ. 3ರಲ್ಲಿ ಒತ್ತಕ್ಷರ ಒಡೆದು ಸಾಲಿಗೆ ಬೀಳುತ್ತದೆ. ಪಜಲ್ ಗೇಮ್ ಆಡುವವರು ಅದನ್ನೂ ಗುಪ್ತಲಿಪಿ ಅಂದುಕೊಂಡು ಬಿಡಿಸಲು ಕೂರುತ್ತಾರೆ.)

ನೀವು ಈಗ ಮಾಡಬೇಕಾದ್ದು ಕಾಗದದ ಕೆಲಸ. ದೊಡ್ಡ ಹಾಳೆ ತೆಗೆದುಕೊಂಡು ತುದಿಯಿಂದ ಹಿಂದಕ್ಕೆ ಬನ್ನಿ. ಕೊನೆಯ ಬಾಗಿಲು ತೆರೆಯಲು ಏನು ಬೇಕು, ಅದು ಸಿಗಲು ಏನು ಬೇಕು, ಹೀಗೆ ಬಾಣ ಎಳೆಯುತ್ತಾ ಹೋಗಿ. ನಕ್ಷೆ ಒಂದೇ ಉದ್ದ ಸರಪಳಿ ಆಗಿದ್ದರೆ ಅದೇ ರೋಗ, ಒಂದು ಕಡೆ ಸಿಕ್ಕಿಕೊಂಡವರಿಗೆ ಬೇರೆ ಕೆಲಸವೇ ಇರುವುದಿಲ್ಲ. ಯಾವ ಹೊತ್ತಿಗೂ ಎರಡು ಮೂರು ಎಳೆ ತೆರೆದಿರಲಿ. ನಕ್ಷೆಯಲ್ಲಿ ಬರೆದ ಪ್ರತಿಯೊಂದರ ಪಕ್ಕ ಎರಡು ಗುರುತು ಹಾಕಿ: ಸಮಸ್ಯೆ ಯಾವ ದೃಶ್ಯದಲ್ಲಿ ಕಾಣುತ್ತದೆ, ಪರಿಹಾರದ ವಸ್ತು ಯಾವ ದೃಶ್ಯದಲ್ಲಿ ಸಿಗುತ್ತದೆ. ಎರಡನೆಯದು ಮೊದಲು ಬಂದ ಕಡೆಯೆಲ್ಲ ಕೆಂಪು ಮಸಿ. ಯಾವ ವಸ್ತುವನ್ನಾದರೂ ಬೇರೆ ಕಡೆ ಖರ್ಚು ಮಾಡಿ ಶಾಶ್ವತವಾಗಿ ಸಿಕ್ಕಿಬೀಳಬಹುದೇ ಅಂತಲೂ ಆಗಲೇ ನೋಡಿ. ಕಿಂಗ್ಸ್ ಕ್ವೆಸ್ಟ್‌ನ ಐದನೇ ಆಟದಲ್ಲಿ (1990) ಹಸಿವಾದಾಗ ಪೈ ತಿಂದುಬಿಟ್ಟರೆ ಮುಂದೆ ಹಿಮಮಾನವನ ಮುಖಕ್ಕೆ ಎಸೆಯಲು ಪೈ ಇರುವುದಿಲ್ಲ. ಆಟ ಅದನ್ನು ಹೇಳುವುದೂ ಇಲ್ಲ. ಅದು ಕಷ್ಟದ ಪಜಲ್ ಅಲ್ಲ, ಮೋಸ.

ಆಮೇಲೆ ಪ್ರತಿ ಕ್ಲಿಕ್ಕನ್ನೂ ಸಮಯದ ಜೊತೆ ಒಂದು ಟೆಕ್ಸ್ಟ್ ಫೈಲಿಗೆ ಬರೆಸಿ. 12 ವಸ್ತು, 15 ಜಾಗ ಇದ್ದರೆ 180 ಜೋಡಿ, ಎಲ್ಲಕ್ಕೂ ಬೇರೆ ಬೇರೆ ಉತ್ತರ ಬರೆಯಲು ಆಗದು. ಫೈಲ್ ನೋಡಿದರೆ ಜನ ನಿಜಕ್ಕೂ ಪ್ರಯತ್ನಿಸುವುದು ಅದರಲ್ಲಿ ಸ್ವಲ್ಪವನ್ನೇ ಅಂತ ಗೊತ್ತಾಗುತ್ತದೆ, ಅಷ್ಟಕ್ಕೆ ಬರೆಯಿರಿ. ಆಡಿಸುವಾಗ ಪಕ್ಕದಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಳ್ಳಿ. ಹತ್ತು ನಿಮಿಷ ಹೊಸದೇನೂ ಘಟಿಸದಿದ್ದರೆ ಗಡಿಯಾರ ನೋಡಿ ಬರೆದುಕೊಳ್ಳಿ, ನೆರವಾಗಬೇಡಿ.

ಊಹೆ ಹೊಡೆದು ಗೆಲ್ಲುವುದನ್ನು ತಡೆಯುವ ಚಂದದ ಉಪಾಯ ಬೇಕಾದರೆ ಲ್ಯೂಕಸ್ ಪೋಪ್ ಅವರ ರಿಟರ್ನ್ ಆಫ್ ದಿ ಓಬ್ರಾ ಡಿನ್ (2018) ಆಡಿ. ಹಡಗಿನ 60 ಜನರಿಗೆ ಏನಾಯಿತು ಅಂತ ಪತ್ತೆ ಮಾಡಬೇಕು. ಮೂವರ ಗತಿ ಸರಿಯಾದಾಗ ಮಾತ್ರ ಆಟ ಹೌದು ಅನ್ನುತ್ತದೆ, ಒಂದೊಂದಕ್ಕೆ ಅಲ್ಲ. ಹೊಸ ಕೌಶಲ ಕಲಿಸುವುದಕ್ಕೆ ಪೋರ್ಟಲ್ (2007) ನೋಡಿ: ಮೊದಲು ಗೋಡೆಯಲ್ಲಿ ತಾವಾಗಿ ತೆರೆದುಕೊಳ್ಳುವ ಪೋರ್ಟಲ್‌ಗಳು (ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರುವ ಕಿಂಡಿಗಳು), ಆಮೇಲೆ ಒಂದೇ ಬಣ್ಣದ ಪೋರ್ಟಲ್ ತೆರೆಯುವ ಗನ್, 11ನೇ ಕೊಠಡಿಗೆ ಬಂದ ಮೇಲಷ್ಟೇ ಎರಡನೆಯ ಬಣ್ಣ.

ಸುಳಿವಿನ ಬಟನ್ ಹಾಕಲೇಬೇಕೆಂದಿದ್ದರೆ ಕೊನೆಗೆ ಹಾಕಿ, ಮೂರು ಮೆಟ್ಟಿಲಲ್ಲಿ. ಮೊದಲ ಒತ್ತಿಗೆ ಸಮಸ್ಯೆ ಏನು ಅಂತ ಮಾತ್ರ, ಎರಡನೆಯದಕ್ಕೆ ಎಲ್ಲಿ ನೋಡಬೇಕು, ಮೂರನೆಯದಕ್ಕೆ ಉತ್ತರ. ಮೊದಲ ಮೆಟ್ಟಿಲಲ್ಲೇ ಬಹಳ ಜನ "ಅಯ್ಯೋ, ಅದಾ!" ಅಂದರೆ ಆ ಸಾಲನ್ನು ಬಟನ್‌ನಿಂದ ತೆಗೆದು ದೃಶ್ಯದೊಳಗೇ ಇಡಿ.

ಇನ್ನು ನಿಮ್ಮ ಗಡಿಯಾರ. ಮುಳ್ಳು ತಿರುಗುತ್ತದೆ ಅಂತ ಜನ ಕಂಡುಕೊಂಡಿದ್ದಾರೆ, ಸುಮ್ಮನೆ ತಿರುಗಿಸುತ್ತಲೇ ಇದ್ದಾರೆ ಅಂತ ನೀವೇ ಹೇಳಿದ್ದೀರಿ. ಮುಂದಿನ ಸಲ ಯಾರಾದರೂ ಮುಳ್ಳಿಗೆ ಕೈ ಹಾಕಿದ ತಕ್ಷಣ ಆಟ ನಿಲ್ಲಿಸಿ "ಈಗ ಏನು ಮಾಡಲು ಹೊರಟಿದ್ದೀರಿ?" ಅಂತ ಕೇಳಿ. "ಗಂಟೆ ಹೊಡೆಸಬೇಕು, ಕಾವಲುಗಾರ ಎದ್ದು ಹೋಗಲಿ" ಅನ್ನುವಂಥ ಉತ್ತರ ಬಂದರೆ ಗಡಿಯಾರ ಹಾಗೇ ಇರಲಿ. "ಗೊತ್ತಿಲ್ಲ, ತಿರುಗುತ್ತೆ ಅಂತ ತಿರುಗಿಸಿದೆ" ಅಂದರೆ ಗಡಿಯಾರ ಮುಟ್ಟಬೇಡಿ, ಒಂದನೇ ಕೋಣೆಗೆ ಹೋಗಿ ಅಲ್ಲಿ ಕಾವಲುಗಾರನನ್ನು ತೋರಿಸಿ.