ಸ್ಕ್ಯಾನಿಂಗ್‌ನಲ್ಲೇ ಟ್ಯೂಬ್ ಟೆಸ್ಟ್ ಮಾಡಿಸಿದರೆ ನಡೆಯುತ್ತಾ?

ಎಚ್‌ಎಸ್‌ಜಿ, ಅಂದರೆ ಗರ್ಭಕೋಶಕ್ಕೆ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ಬೇಡ, ನೊರೆ ಬಿಟ್ಟು ಸ್ಕ್ಯಾನಿಂಗ್‌ನಲ್ಲೇ ಟ್ಯೂಬ್ (ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಬರುವ ಅಂಡನಾಳ) ತೆರೆದಿದೆಯಾ ನೋಡೋಣ ಅಂತ ಡಾಕ್ಟರ್ ಹೇಳಿದ್ದಾರೆ, ನಂಬಬಹುದಾ, ನೋವಾಗುತ್ತಾ ಅಂತ ಹಾವೇರಿಯಿಂದ ಕೇಳಿದ್ದೀರಿ. ನಂಬಬಹುದು. ನಾನು ಹುಬ್ಬಳ್ಳಿಯಲ್ಲಿ ಅದನ್ನೇ ಮಾಡಿಸಿಕೊಂಡವಳು.

ಅದಕ್ಕೂ ಮುಂಚೆ, ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಿದೆಯಾ? ನಿಮ್ಮ ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ. ನಮ್ಮ ಕಡೆ ಮದುವೆಯಾಗಿ ವರ್ಷ ದಾಟಿದರೆ ಸಾಕು, ‘ಏನಾದ್ರೂ ವಿಶೇಷ?’ ಅಂತ ಕೇಳೋದೂ ಹೆಂಡತಿಯನ್ನೇ, ಆಸ್ಪತ್ರೆಗೆ ಕಳಿಸೋದೂ ಹೆಂಡತಿಯನ್ನೇ. ಅದೇನು, ಒಂದು ಡಬ್ಬಿಯಲ್ಲಿ ಮುಗಿಯುವ ಟೆಸ್ಟ್. ಅದಾಗದೆ ನೀವು ಟೇಬಲ್ ಹತ್ತಬೇಡಿ.

ಮುಟ್ಟಿನ ರಕ್ತ ನಿಂತ ಮೇಲೆ, ಸಾಮಾನ್ಯವಾಗಿ ಮುಟ್ಟಾದ ಮೊದಲ ದಿನದಿಂದ ಎಣಿಸಿ 6ರಿಂದ 11ನೇ ದಿನದೊಳಗೆ ಕರೆಯುತ್ತಾರೆ. ಅಲ್ಲಿಯವರೆಗೆ ಗಂಡ ಹೆಂಡತಿ ಸೇರಬಾರದು, ಗರ್ಭ ನಿಂತಿದ್ದರೆ ಕಷ್ಟ ಅಲ್ವಾ. ಒಂದು ತಾಸು ಮುಂಚೆ ಡಾಕ್ಟರ್ ಬರೆದ ನೋವಿನ ಗುಳಿಗೆ ತಗೊಳ್ಳಿ. ಗರ್ಭಕೋಶದ ಬಾಯಿಯಿಂದ ಸಣ್ಣ ನಳಿಕೆ ಹಾಕಿ ಜೆಲ್ಲಿನ ನೊರೆ ಬಿಡುತ್ತಾರೆ. ಸರಿಯಿರುವ ಟ್ಯೂಬ್ ಬರೀ ಸ್ಕ್ಯಾನಿಂಗ್‌ನಲ್ಲಿ ಕಾಣೋದು ಕಷ್ಟ. ನೊರೆಯ ಗಾಳಿಗುಳ್ಳೆಗಳಿಗೆ ತಾಗಿ ಶಬ್ದದ ಅಲೆ ವಾಪಸ್ ಬರುತ್ತೆ, ಅದಕ್ಕೇ ಬೆಳ್ಳಗೆ ಕಾಣುತ್ತೆ.

ಪರದೆಯನ್ನು ನನ್ನ ಕಡೆಗೂ ತಿರುಗಿಸಿದ್ದರು. ಬಲಗಡೆ ಗರ್ಭಕೋಶದ ಮೂಲೆಯಿಂದ ಒಂದು ಬಿಳಿ ಗೆರೆ ಹೊರಟು, ಡೊಂಕಾಗುತ್ತಾ ಹೋಗಿ, ಅಂಡಾಶಯದ ಪಕ್ಕದಲ್ಲಿ ಚೆಲ್ಲಿತು. ಎಡಗಡೆ ಏನೂ ಇಲ್ಲ! ಎದೆ ಧಸಕ್ ಅಂತು. ಡಾಕ್ಟರ್ ಗಡಿಬಿಡಿ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮಗ್ಗುಲಾಗಿ ಅಂತ ಹೇಳಿ, ಮೆಲ್ಲಗೆ ಮತ್ತೆ ನೊರೆ ಬಿಟ್ಟರು. ಆಗ ಎಡಗಡೆಯೂ ಗೆರೆ ಮೂಡಿತು. ಟ್ಯೂಬಿನ ಬುಡದಲ್ಲಿ, ಅಂದರೆ ಗರ್ಭಕೋಶಕ್ಕೆ ಸೇರುವ ಕಡೆ, ಸ್ನಾಯು ಬಿಗಿ ಹಿಡಿದರೆ, ತೆರೆದಿದ್ದರೂ ಮುಚ್ಚಿದ ಹಾಗೆ ಕಾಣುತ್ತೆ. ಎಕ್ಸ್‌ರೇಯಲ್ಲೂ ಹೀಗಾಗುತ್ತೆ.

ಹಾಗಾಗಿ ರಿಪೋರ್ಟಿನಲ್ಲಿ ‘ಬ್ಲಾಕ್’ ಅಂತ ಬಂದರೆ ಅಳುತ್ತಾ ಕೂರಬೇಡಿ. ಬುಡದಲ್ಲಾ, ತುದಿಯಲ್ಲಾ ಅಂತ ಕೇಳಿ. ಬುಡದಲ್ಲಾದರೆ ಇನ್ನೊಮ್ಮೆ ನೋಡಬಹುದು. ತುದಿ ಮುಚ್ಚಿ ನೀರು ತುಂಬಿಕೊಂಡಿದ್ದರೆ ಆ ಮಾತೇ ಬೇರೆ. ಅದು ಐವಿಎಫ್‌ಗೂ ಅಡ್ಡಿ, ಮೊದಲು ಅದಕ್ಕೊಂದು ದಾರಿ ಮಾಡಬೇಕಾಗುತ್ತೆ. ನಮ್ಮ ದೇಶದಲ್ಲಿ ಟ್ಯೂಬ್ ಕೆಡೋದಕ್ಕೆ ಟಿಬಿ ಒಂದು ದೊಡ್ಡ ಕಾರಣ. ನಿಮಗೆ ಯಾವಾಗಲಾದರೂ ಟಿಬಿ ಆಗಿದ್ದರೆ ಅತ್ತೆ ಎದುರಿಗೆ ಬೇಡ ಅಂದ್ರೂ ಡಾಕ್ಟರಿಗೆ ಹೇಳಿ.

ನೋವು? ಇರುತ್ತೆ, ಮುಟ್ಟಿನ ನೋವಿಗಿಂತ ಸ್ವಲ್ಪ ಜಾಸ್ತಿ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ವಾಪಸ್ ಬರುವಾಗ ನವನಗರ ದಾಟುವಷ್ಟರಲ್ಲಿ ನನಗೆ ಇಳಿದಿತ್ತು. ಪ್ಯಾಡ್ ಒಯ್ಯಿರಿ, ನೀರು, ಸ್ವಲ್ಪ ರಕ್ತ ಹೋಗುತ್ತೆ. ನೆದರ್ಲೆಂಡ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳಲ್ಲಿ ಎಕ್ಸ್‌ರೇ ಟೆಸ್ಟ್, ನೊರೆಯ ಟೆಸ್ಟ್ ಎರಡನ್ನೂ ಹೋಲಿಸಿ 2022ರಲ್ಲಿ ಪ್ರಕಟಿಸಿದ್ದಾರೆ. ಯಾವ ಟೆಸ್ಟ್ ನಂಬಿ ಮುಂದೆ ಹೋದರೂ ಮಗು ಆದವರ ಪ್ರಮಾಣ ಹೆಚ್ಚುಕಡಿಮೆ ಒಂದೇ, ನೋವು ಮಾತ್ರ ನೊರೆಯದರಲ್ಲಿ ಕಡಿಮೆ.

ಆದರೆ ಇದು ಕೈ ಪಳಗಿದವರೇ ಮಾಡಬೇಕಾದ ಕೆಲಸ, ಎಷ್ಟು ಮಾಡಿದ್ದೀರಿ ಅಂತ ಸಂಕೋಚವಿಲ್ಲದೆ ಕೇಳಿ. ಟ್ಯೂಬ್ ಸುತ್ತಲಿನ ಭಾಗಗಳಿಗೆ ಅಂಟಿಕೊಂಡಿದ್ದರೆ ಇದರಲ್ಲಿ ಸರಿಯಾಗಿ ಗೊತ್ತಾಗಲ್ಲ, ಅನುಮಾನ ಬಂದರೆ ಆಗ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಲ್ಲಿ ನೋಡೋದು. ಟೆಸ್ಟ್ ಆದ ಮೇಲೆ ಜ್ವರ, ವಾಸನೆಯ ಬಿಳಿಸೆರಗು, ಹೊಟ್ಟೆನೋವು ಏರುತ್ತಾ ಹೋದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.