ಗೇರ್ ಸೈಕಲ್‌ಗೆ ಯಾವ ಬೀಗ ಕೊಳ್ಳಬೇಕು?

ಮೂವತ್ತು ಸಾವಿರ ರೂಪಾಯಿಯ ಗೇರ್ ಸೈಕಲ್ಲನ್ನು ಹಗಲು ಬೆಂಗಳೂರಿನ ಮೆಟ್ರೊ ನಿಲ್ದಾಣದ ಬಳಿಯೂ ರಾತ್ರಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿಯೂ ನಿಲ್ಲಿಸುವ ನಿಮಗೆ, ಅಂಗಡಿಯವರು ಜೊತೆಗೆ ಕೊಟ್ಟ ನಾಲ್ಕಂಕಿಯ ಕೇಬಲ್ ಲಾಕ್ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಸಾಲದು. ನಿಲ್ದಾಣಕ್ಕೆ ಒಂದು ಯು-ಲಾಕ್ (U ಆಕಾರದ ಉಕ್ಕಿನ ಕಂಬಿಯ ಬೀಗ), ನೆಲಮಾಳಿಗೆಗೆ ಒಂದು ದಪ್ಪ ಸರಪಳಿ ಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಎರಡನ್ನೂ ಕೊಳ್ಳುವ ಮುನ್ನ, ಸೈಕಲ್ಲನ್ನು ಯಾವುದಕ್ಕೆ ಬಿಗಿಯುತ್ತೀರಿ ಎಂಬುದನ್ನು ದಯವಿಟ್ಟು ಆ ಜಾಗಗಳಿಗೆ ಹೋಗಿ ನೋಡಿ. ಕಂಬವನ್ನು ನೋಡದೆ ಕೊಂಡ ಬೀಗ, ಎಷ್ಟೇ ಬೆಲೆಯದಾದರೂ, ಕೊನೆಗೆ ಚಕ್ರ ಮತ್ತು ಫ್ರೇಮ್ ಎರಡನ್ನಷ್ಟೇ ಪರಸ್ಪರ ಕಟ್ಟಿ ಕೂರುತ್ತದೆ; ಹನ್ನೆರಡು ಹದಿನಾಲ್ಕು ಕಿಲೋ ತೂಗುವ ಇಂದಿನ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹೋಗುವುದು ಯಾರಿಗೂ ಕಷ್ಟವಲ್ಲ. ಹಿಂಚಕ್ರಕ್ಕೆ ಕೂರಿಸಿದ ಹಳೆಯ ಉಂಗುರ ಬೀಗವನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ. ನೆದರ್ಲೆಂಡ್ಸ್‌ನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅಲ್ಲಿನ ಅನೇಕ ಉಂಗುರ ಬೀಗಗಳಿಗೆ ಸರಪಳಿಯೊಂದನ್ನು ಸಿಕ್ಕಿಸಿ ಕಂಬಕ್ಕೂ ಬಿಗಿಯುವ ಏರ್ಪಾಡು ಇರುತ್ತದೆ.

ಕೇಬಲ್ ಲಾಕ್ ದಪ್ಪವಾಗಿ ಕಾಣುವುದು ಬಹುಪಾಲು ಪ್ಲಾಸ್ಟಿಕ್ ಹೊದಿಕೆಯಿಂದ. ಒಳಗಿರುವುದು ಹೆಣೆದ ತೆಳು ತಂತಿಗಳು. ಕೈಯಲ್ಲಿ ಹಿಡಿಯುವ ಕಟರ್ ಅವನ್ನು ಕೆಲವೇ ಕ್ಷಣಗಳಲ್ಲಿ ತುಂಡರಿಸುತ್ತದೆ. ನಾಲ್ಕಂಕಿಗೆ 10,000 ಜೋಡಣೆಗಳಿದ್ದರೂ, ಅಗ್ಗದ ಬೀಗಗಳಲ್ಲಿ ಕೇಬಲ್ಲನ್ನು ಎಳೆದು ಹಿಡಿದು ಒಂದೊಂದೇ ಅಂಕಿಯ ಗಾಲಿಯನ್ನು ತಿರುಗಿಸಿದರೆ ಸರಿಯಾದ ಅಂಕಿ ಬೆರಳಿಗೇ ಗೊತ್ತಾಗುತ್ತದೆ.

ಯು-ಲಾಕ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಕಂಬಿಯ ದಪ್ಪ. ಚೀಲದಲ್ಲಿ ಅಡಗಿಸಿಕೊಂಡು ಬರಬಹುದಾದ ಸಣ್ಣ ಬೋಲ್ಟ್ ಕಟರ್‌ಗೆ 13 ಮಿ.ಮೀ. ದಪ್ಪದ ಹದಗೊಳಿಸಿದ ಉಕ್ಕು ಜಗ್ಗುವುದಿಲ್ಲ. 16 ಮಿ.ಮೀ. ದಾಟಿದರೆ ದೊಡ್ಡ ಕಟರ್ ಕೂಡ ಸೋಲುತ್ತದೆ, ಆದರೆ ತೂಕ ದಿನವೂ ಹೊರುವಂತಿರುವುದಿಲ್ಲ. ಎರಡನೆಯದಾಗಿ, ಕಂಬಿಯ ಎರಡೂ ಕಾಲುಗಳು ಬೀಗದೊಳಗೆ ಕಚ್ಚಿಕೊಳ್ಳುವಂತಿರಬೇಕು. ಒಂದೇ ಕಾಲು ಕಚ್ಚಿದ್ದರೆ ಕಳ್ಳನು ಒಂದು ಕಡೆ ಕತ್ತರಿಸಿ ತಿರುಚಿದರೆ ಸಾಕು, ಎರಡೂ ಕಚ್ಚಿದ್ದರೆ ಎರಡು ಬಾರಿ ಕತ್ತರಿಸಬೇಕಾಗುತ್ತದೆ. ಮೂರನೆಯದು ಕೀಲಿಯ ಬಗೆ. ದುಂಡನೆಯ ಕೊಳವೆಯಂಥ ಕೀಲಿ ಇರುವ ಬೀಗಗಳನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದಲೇ ತೆರೆಯಬಹುದೆಂಬುದು 2004ರಲ್ಲಿ ಅಮೆರಿಕದಲ್ಲಿ ಬಯಲಾಗಿ, ಹೆಸರಾಂತ ಕ್ರಿಪ್ಟೊನೈಟ್ ಕಂಪನಿ ಗ್ರಾಹಕರಿಗೆ ಬೀಗಗಳನ್ನು ಬದಲಿಸಿ ಕೊಡಬೇಕಾಯಿತು. ಇಷ್ಟಾದರೂ ಅಂಥ ಕೀಲಿಯ ಅಗ್ಗದ ಬೀಗಗಳು ಇನ್ನೂ ಮಾರಾಟವಾಗುತ್ತಿರುವುದು ನನಗೆ ಬೇಸರದ ಸಂಗತಿ. ಒಳಗೆ ತಿರುಗುವ ಬಿಲ್ಲೆಗಳಿರುವ, ಅಂದರೆ ಡಿಸ್ಕ್ ಬಗೆಯ, ಚಪ್ಪಟೆ ಕೀಲಿಯ ಬೀಗವನ್ನೇ ಆರಿಸಿಕೊಳ್ಳಿ.

ಲೋಹ ಕತ್ತರಿಸುವ ಬ್ಯಾಟರಿಯ ಆಂಗಲ್ ಗ್ರೈಂಡರ್ ಹಿಡಿದು ಬಂದವನ ಮುಂದೆ ಸಾಮಾನ್ಯ ಯು-ಲಾಕ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಅದನ್ನೂ ತಡೆಯಲೆಂದು ಮಾಡಿದ ಹಿಪ್‌ಲಾಕ್ ಡಿ1000ನಂಥ ಬೀಗಗಳಿವೆ. ಅವುಗಳ ಬೆಲೆಯನ್ನು ನೋಡಿದರೆ ನಿಮ್ಮ ಸೈಕಲ್‌ಗೆ ಅಷ್ಟು ಖರ್ಚು ಅಗತ್ಯವೆಂದು ನನಗೆ ಅನಿಸುವುದಿಲ್ಲ. ಗ್ರೈಂಡರಿನ ಸದ್ದೂ ಕಿಡಿಯೂ ಜನರ ಕಣ್ಣಿಗೆ ಬೀಳುವ ಜಾಗವನ್ನು ಆರಿಸಿಕೊಳ್ಳುವುದೇ ಹೆಚ್ಚು ಉಪಯುಕ್ತ. ಇನ್ನು ಪೊಟ್ಟಣದ ಮೇಲಿನ ಅಂಕಗಳನ್ನು ನಂಬಿ ಹೋಲಿಸಬೇಡಿ: ಆಬಸ್ ಕಂಪನಿಯದು 15ರ ಅಳತೆ, ಕ್ರಿಪ್ಟೊನೈಟ್‌ನದು 10ರ ಅಳತೆ, ಎರಡೂ ಅವರವರೇ ಮಾಡಿಕೊಂಡದ್ದು. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಸಂಸ್ಥೆ ತಾನೇ ಬೀಗಗಳನ್ನು ಒಡೆದು ನೋಡಿ ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಎಂಬ ದರ್ಜೆ ಕೊಡುತ್ತದೆ. ಸಿಲ್ವರ್ ಅಥವಾ ಗೋಲ್ಡ್ ದರ್ಜೆಯದು ನಿಮಗೆ ಸಾಕು.

ಈಗ ಕಂಬದ ವಿಷಯ. ಯು-ಲಾಕ್ ಆದಷ್ಟು ಚಿಕ್ಕದಿರಬೇಕು, ಏಕೆಂದರೆ ಒಳಗೆ ಖಾಲಿ ಜಾಗ ಉಳಿದರೆ ಜ್ಯಾಕ್ ಅಥವಾ ಕಬ್ಬಿಣದ ಪೈಪು ತೂರಿಸಿ ಮೀಟಲು ಅವಕಾಶವಾಗುತ್ತದೆ. ಆದರೆ ಅದು ನಿಲ್ದಾಣದ ಕಂಬಿಯನ್ನು, ಫ್ರೇಮನ್ನು, ಹಿಂಚಕ್ರವನ್ನು ಒಟ್ಟಿಗೆ ಸುತ್ತುವರಿಯುವಷ್ಟು ದೊಡ್ಡದೂ ಇರಬೇಕು. ಹಾಗಾಗಿ ಟೇಪು ಹಿಡಿದು ಅಳೆದುಕೊಂಡು ಅಂಗಡಿಗೆ ಹೋಗಿ. ಜಾಗ ಸಾಲದಿದ್ದರೆ, ಸೈಕಲ್ ತಂತ್ರಜ್ಞ ಶೆಲ್ಡನ್ ಬ್ರೌನ್ ಹೇಳಿದ ಕ್ರಮವಿದೆ: ಫ್ರೇಮಿನ ಹಿಂಬದಿಯ ತ್ರಿಕೋನದ ಒಳಭಾಗದಲ್ಲಿ ಹಿಂಚಕ್ರದ ರಿಮ್ಮನ್ನು ಮಾತ್ರ ಕಂಬಕ್ಕೆ ಬಿಗಿದರೂ ಫ್ರೇಮ್ ಕಳಚಿಕೊಳ್ಳಲಾರದು, ಏಕೆಂದರೆ ಬೀಗ ಹಾಕಿದ ಚಕ್ರ ಆ ತ್ರಿಕೋನದಿಂದ ಹೊರಬರುವುದಿಲ್ಲ. ಕಂಬ ನೆಲದಲ್ಲಿ ಭದ್ರವಾಗಿದೆಯೇ ಎಂದು ಅಲುಗಾಡಿಸಿ ನೋಡಿ. ಮೇಲ್ತುದಿ ತೆರೆದಿರುವ ಗಿಡ್ಡ ಕಂಬವಾದರೆ ಸೈಕಲ್ಲನ್ನು ಬೀಗದ ಸಮೇತ ಮೇಲೆತ್ತಿ ತೆಗೆಯಬಹುದು. ಮುಂಚಕ್ರಕ್ಕೆ ಕ್ವಿಕ್ ರಿಲೀಸ್ (ಸಲಕರಣೆಯಿಲ್ಲದೆ ಚಕ್ರ ಬಿಚ್ಚುವ ಹಿಡಿ) ಇದ್ದರೆ, ಈಗಿರುವ ಕೇಬಲ್ಲನ್ನು ಅದರೊಳಗಿಂದ ತೂರಿಸಿ ಯು-ಲಾಕ್‌ಗೆ ಸೇರಿಸಿ. ಕೇಬಲ್ಲಿಗೆ ತಕ್ಕ ಕೆಲಸ ಅದು.

ನೆಲಮಾಳಿಗೆಯಲ್ಲಿ ಸಾಮಾನ್ಯವಾಗಿ ಸಿಗುವುದು ಯು-ಲಾಕ್ ಸುತ್ತುವರಿಯಲಾರದ ಕಾಂಕ್ರೀಟ್ ಕಂಬಗಳು. ಅಲ್ಲಿಗೆ 10 ಮಿ.ಮೀ. ಅಥವಾ ಹೆಚ್ಚು ದಪ್ಪದ ಹದಗೊಳಿಸಿದ ಸರಪಳಿಯೇ ಸರಿ. ಭಾರವಿದ್ದರೂ ಹೊತ್ತು ತಿರುಗಬೇಕಿಲ್ಲ, ಅಲ್ಲೇ ಬಿಡಬಹುದು. ಸರಪಳಿ ನೆಲಕ್ಕೆ ತಾಗದಿರಲಿ, ತಾಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಮೈಭಾರವನ್ನೆಲ್ಲ ಹಾಕಿ ಒತ್ತಬಹುದು. ಪ್ಲಾಸ್ಟಿಕ್ ನೀರಿನ ಪೈಪಿಗೆ ಕಟ್ಟುವುದು ಬೇಡ. ಬದಲಿಗೆ, ನೆಲಕ್ಕೆ ಉಕ್ಕಿನ ಕೊಂಡಿ ಹಾಕಿಸಿಕೊಡುವಂತೆ ನಿವಾಸಿಗಳ ಸಂಘವನ್ನು ಕೇಳಿ. ನಿಮ್ಮಂತೆ ಸೈಕಲ್ ಇಟ್ಟ ಇತರರೂ ಜೊತೆಗೂಡಿಯಾರು.

ಮಳೆಗಾಲದಲ್ಲಿ ಕೀಲಿಯ ತೂತು ಕೆಳಮುಖವಾಗಿರುವಂತೆ ಬೀಗ ಹಾಕಿ. ಬೀಗ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ಧೂಳನ್ನು ಹಿಡಿದು ಅಂಟಾಗುತ್ತದೆ; ಗ್ರ್ಯಾಫೈಟ್ ಪುಡಿ ಒಳ್ಳೆಯದು. ಪೆಡಲ್ ಅಚ್ಚಿನ ಕೆಳಗೆ ಕೆತ್ತಿರುವ ಫ್ರೇಮ್ ಸಂಖ್ಯೆಯನ್ನು ಇಂದೇ ಬರೆದುಕೊಂಡು, ಬಿಲ್ ಮತ್ತು ಸೈಕಲ್ಲಿನ ಚಿತ್ರಗಳ ಜೊತೆ ಇಟ್ಟುಕೊಳ್ಳಿ. ಒಂದು ವೇಳೆ ಪೊಲೀಸ್ ಠಾಣೆಗೆ ಹೋಗಬೇಕಾಗಿ ಬಂದರೆ ಸೈಕಲ್ ನಿಮ್ಮದೆಂದು ತೋರಿಸಲು ಆ ಸಂಖ್ಯೆ ಬೇಕಾಗುತ್ತದೆ.