ಶಾಂತಮ್ಮ ‘ಬ್ಯಾಡ’ ಅಂದದ್ದು ಯಾವುದಕ್ಕೆ

(ಹೆಸರು, ಊರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯುವ ಮೊದಲು ಶಾಂತಮ್ಮನವರನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ.)

ಕ್ಯಾನ್ಸರ್ ಬಂದವರ ಮತ್ತು ಅವರ ಮನೆಯವರ ಜೊತೆ ಕೂತು ಚಿಕಿತ್ಸೆಯ ಬಗ್ಗೆ ಮಾತಾಡುವುದು ನನ್ನ ಕೆಲಸ. ಶಾಂತಮ್ಮನಿಗೆ ಕಾಯಿಲೆ ಮರಳಿ ಬಂದಾಗ ಮನೆಯವರು ನನ್ನ ಹತ್ತಿರ ಬಂದರು. ಮೊದಲ ದಿನ ನಾನೊಂದು ತಪ್ಪು ಮಾಡಿದೆ. ಮಗ ಫೈಲು ಹಿಡಿದುಕೊಂಡು ಒಬ್ಬನೇ ಒಳಗೆ ಬಂದ. “ಅವ್ವ ಹೊರಗ ಕುಂತಾಳ್ರಿ. ಆಕಿಗೆ ಏನೂ ಗೊತ್ತಿಲ್ಲ. ಮೊದಲ ನಮ್ಮ ಜೋಡಿ ಮಾತಾಡ್ರಿ” ಅಂದ. ನಾನು ಒಪ್ಪಿಕೊಂಡೆ. ಮುಕ್ಕಾಲು ಗಂಟೆ ಅವನ ಜೊತೆ, ಆಮೇಲೆ ಅವನ ಅಪ್ಪ ಮತ್ತು ಕಾಕನ ಜೊತೆ ಮಾತಾಡಿದೆ. ಅಷ್ಟೂ ಹೊತ್ತು ಶಾಂತಮ್ಮ ಹೊರಗಿನ ಬೆಂಚಿನ ಮೇಲೆ, ನೆಟ್ಟಗೆ ಕೂರಲಾಗದೆ ಒಂದು ಮಗ್ಗುಲಿಗೆ ವಾಲಿ, ಬುತ್ತಿಗಂಟು ತೊಡೆ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಕಾಯಿಲೆ ಅವರದು, ಚರ್ಚೆ ನಮ್ಮದು. ಅವರನ್ನು ಒಳಗೆ ಕರೆಯುವ ಹೊತ್ತಿಗೆ ಗಂಗಾವತಿ ಬಸ್ಸಿಗೆ ಹೊತ್ತಾಗಿತ್ತು. ಹಾಗಾಗಿ ಒಂದು ವಾರ ಸುಮ್ಮನೆ ಹೋಯಿತು.

ಶಾಂತಮ್ಮನಿಗೆ 54 ವರ್ಷ. ಕೊಪ್ಪಳ ಜಿಲ್ಲೆಯ ಕಾಲುವೆ ನೀರಿನ ಭಾಗದ ಹಳ್ಳಿ, ನಾಲ್ಕು ಎಕರೆ ಭತ್ತದ ಗದ್ದೆ. ಏಳು ವರ್ಷದ ಹಿಂದೆ ಎಡ ಸ್ತನದಲ್ಲಿ ಗಂಟು ಕಂಡಿತ್ತು. ಸ್ತನ ತೆಗೆದರು, ಕೀಮೋ ಆಯಿತು, ಕರೆಂಟ್ ಕೊಟ್ಟರು (ನಮ್ಮ ಕಡೆ ರೇಡಿಯೇಷನ್‌ಗೆ ಎಲ್ಲರೂ ಹಾಗೇ ಅನ್ನುವುದು). ಆಮೇಲೆ ಐದು ವರ್ಷ ದಿನಕ್ಕೊಂದು ಟ್ಯಾಮಾಕ್ಸಿಫೆನ್ (ಹಾರ್ಮೋನ್ ತಡೆಯುವ) ಮಾತ್ರೆ. ಅದು ಮುಗಿದು ಒಂದು ವರ್ಷ ಆರಾಮಾಗಿದ್ದರು. ಈ ಸಲ ಸಸಿ ಹಚ್ಚುವ ಕಾಲಕ್ಕೆ ಸೊಂಟ ನೋವು ಶುರುವಾಯಿತು. ಗದ್ದೆಯಲ್ಲಿ ಬಗ್ಗಿ ಬಗ್ಗಿ ಹಿಡಿದಿದೆ ಅಂತ ಎಲ್ಲರೂ ಅಂದರು. ಎಣ್ಣೆ, ಬೆಲ್ಟು, ಊರ ಡಾಕ್ಟರ ಇಂಜೆಕ್ಷನ್ ಅಂತ ನಾಲ್ಕು ತಿಂಗಳು ಕಳೆದವು. ಆ ಡಾಕ್ಟರಿಗೆ ಹಳೆಯ ಫೈಲು ಯಾರೂ ತೋರಿಸಿರಲಿಲ್ಲ. ಇದನ್ನು ಓದುತ್ತಿರುವವರ ಮನೆಯಲ್ಲಿ ಸ್ತನ ಕ್ಯಾನ್ಸರ್ ಆಗಿ ಗುಣವಾದವರಿದ್ದರೆ ಒಂದು ಮಾತು: ಬೆನ್ನು, ಸೊಂಟ, ಎಲುಬಿನ ನೋವು ಎರಡು ಮೂರು ವಾರಕ್ಕೂ ಬಿಡದಿದ್ದರೆ, ಹತ್ತು ವರ್ಷ ಹಳೆಯದಾದರೂ ಸರಿ, ಆ ಫೈಲು ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.

ಸ್ಕ್ಯಾನ್ ಮಾಡಿದಾಗ ಬೆನ್ನೆಲುಬಿನ ಎರಡು ಮಣಿಗಳಲ್ಲಿ ಮತ್ತು ಸೊಂಟದ ಎಲುಬಿನಲ್ಲಿ ಕಾಯಿಲೆ ಕಂಡಿತು. ಯಕೃತ್ತು, ಶ್ವಾಸಕೋಶ ಚೊಕ್ಕವಾಗಿದ್ದವು. ಹುಬ್ಬಳ್ಳಿಯ ಡಾಕ್ಟರು ಎಲುಬಿನಿಂದ ಮತ್ತೆ ಬಯಾಪ್ಸಿ ತೆಗೆದಿದ್ದರು. ಇದು ಸರಿಯಾದ ಕ್ರಮ. ಮರಳಿ ಬಂದ ಕಾಯಿಲೆಯ ಸ್ವಭಾವ ಮೊದಲಿನಂತೆಯೇ ಇರಬೇಕೆಂದಿಲ್ಲ, ಬದಲಾಗಿದ್ದರೆ ಔಷಧಿಯೂ ಬದಲಾಗಬೇಕು. ಇವರದು ಬದಲಾಗಿರಲಿಲ್ಲ: ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ (ಹೆಣ್ಣು ಹಾರ್ಮೋನಿನಿಂದ ಬೆಳೆಯುವಂಥದ್ದು, ಹರ್-2 ಎಂಬ ಪ್ರೋಟೀನು ಹೆಚ್ಚಿಲ್ಲದ್ದು).

ಮನೆಯಲ್ಲಿ ಮೂರು ವಾರದಿಂದ ಜಗಳ ನಡೆದಿತ್ತು. ಎರಡು ಎಕರೆ ಮಾರಿ ಬೆಂಗಳೂರಿಗೆ ಕರೆದೊಯ್ಯಬೇಕು ಅಂತ ಮಗ. “ತಿರುಗಿ ಬಂತಂದ್ರ ಮುಗೀತು. ರೊಕ್ಕ ಹಾಕಿ ಆಕಿನ್ನ ಯಾಕ ಗೋಳಾಡಸ್ತೀರಿ” ಅಂತ ಕಾಕ, ಅವನಿಗೆ ಬೇರು ಕೊಡುವವರೊಬ್ಬರು ಗೊತ್ತು. ಗಂಡ ಎರಡೂ ಕಡೆ ತಲೆಯಾಡಿಸುತ್ತಿದ್ದರು. ಮಗನ ಜೋರಿನ ಹಿಂದೆ ಏನಿದೆ ಅಂತ ಕೇಳಿದಾಗ ಅವನು ಅತ್ತುಬಿಟ್ಟ. ಆ ನಾಲ್ಕು ತಿಂಗಳು ಅವ್ವನನ್ನು ಬೈಕಿನ ಮೇಲೆ ಇಂಜೆಕ್ಷನ್‌ಗೆ ಕರೆದೊಯ್ದವನು ಅವನೇ. ಎರಡು ಎಕರೆ ಅವನು ತಾನೇ ಹಾಕಿಕೊಂಡ ದಂಡ.

ಮುಂದಿನ ವಾರ ನಾನು ಮೊದಲು ಶಾಂತಮ್ಮನವರನ್ನು ಒಳಗೆ ಕರೆದೆ. ಜೊತೆಗೆ ಸೊಸೆ ಇರಲಿ ಅಂತ ಅವರೇ ಅಂದರು.

“ಅಕ್ಕಾರ, ನಿಮಗ ಏನಾಗೈತಿ ಅಂತ ನೀವು ತಿಳಕೊಂಡೀರಿ?”

“ಅದ ಬಂದೈತಿ ಮತ್ತ. ಇವರ ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ?” ಅಂದರು. ಸೊಸೆ ತಲೆ ತಗ್ಗಿಸಿದಳು. “ನನಗೇನೂ ಬ್ಯಾಡ. ಹೊಲ ಮಾರೂದು ಬ್ಯಾಡ. ಆ ಸಲಾಯಿನ್ ಅಂತೂ ನಾ ಹಚ್ಚಿಸಿಕೊಳ್ಳಂಗಿಲ್ಲ.”

ಇಲ್ಲಿಗೆ ನಿಲ್ಲಿಸಿ ‘ರೋಗಿಗೆ ಚಿಕಿತ್ಸೆ ಬೇಡ’ ಎಂದು ಬರೆದುಕೊಳ್ಳಬಹುದಿತ್ತು. ಬೇಡ ಅನ್ನುವುದು ರೋಗಿಯ ಹಕ್ಕು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಯಾವುದು ಬೇಡ ಅಂತ ಕೇಳದೆ ಗೌರವಿಸುವುದು ಹೇಗೆ? ಯಾವ ಸಲಾಯಿನ್, ಅದರಲ್ಲಿ ಏನು ತ್ರಾಸಾಯಿತು ಅಂತ ಕೇಳಿದೆ.

ಕೆಂಪು ಔಷಧಿ ಅಂದರು. ಅದು ಒಳಗೆ ಹೋದರೆ ಮೂತ್ರವೂ ಕೆಂಪಗೆ ಬರುತ್ತಿತ್ತು, ಮೂರು ದಿನ ನೀರೂ ನಿಲ್ಲುತ್ತಿರಲಿಲ್ಲ. ಆದರೆ ಅವರನ್ನು ಮುರಿದದ್ದು ವಾಂತಿ ಅಲ್ಲ. ಕೀಮೋ ನಡೆದಾಗಲೇ ಮಗಳ ಮದುವೆ ಬಂದಿತ್ತು. ಅರಿಷಿಣ ಹಚ್ಚುವಾಗ ಸೆರಗು ಜಾರಿ ಬೋಳು ತಲೆ ಕಂಡಿತು. ಬೀಗರ ಕಡೆಯ ಒಬ್ಬಾಕೆ, “ಗಂಡ ಇದ್ದಾಕಿ ಹಿಂಗ ಮುಂದ ಬಂದು ನಿಂದ್ರಬಾರದು” ಅಂದಳು. ಶಾಂತಮ್ಮ ಹಿಂದೆ ಸರಿದು ಅಡುಗೆಮನೆಯಲ್ಲಿ ಕೂತರು, ಮಗಳ ಅಕ್ಷತೆಗೂ ಹೊರಗೆ ಬರಲಿಲ್ಲ. ಏಳು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಸೊಸೆ ಅವತ್ತೇ ಮೊದಲು ಕೇಳಿದ್ದು. ಅತ್ತೆಯ ಕೈ ಹಿಡಿದುಕೊಂಡಳು, ಏನೂ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ.

ಆಮೇಲೆ ಮೂವರೂ ಫೈಲು ತೆರೆದು, ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟ ಹಾಳೆಯನ್ನು ಸಾಲು ಸಾಲಾಗಿ ಓದಿದೆವು. ಲೆಟ್ರೊಜೋಲ್ ಮಾತ್ರೆ. ಪಾಲ್ಬೊಸಿಕ್ಲಿಬ್ ಮಾತ್ರೆ. ಎಲುಬು ಗಟ್ಟಿಯಾಗಲು ಜೋಲೆಡ್ರೊನಿಕ್ ಆಸಿಡ್, ರಕ್ತನಾಳಕ್ಕೆ ಕಾಲು ಗಂಟೆಯ ಡ್ರಿಪ್. ಬೆನ್ನಿನ ನೋವಿಗೆ ಕರೆಂಟ್. ಕೀಮೋ ಎಲ್ಲೂ ಇರಲಿಲ್ಲ.

ಡಾಕ್ಟರು “ತಡಮಾಡದೆ ಟ್ರೀಟ್‌ಮೆಂಟ್ ಶುರು ಮಾಡ್ರಿ” ಅಂದಿದ್ದರು. ಮಗ ಅದನ್ನು ಕೀಮೋ ಅಂತ ಕೇಳಿಸಿಕೊಂಡಿದ್ದ. ಅವ್ವನೂ ಕೀಮೋ ಅಂತಲೇ ಊಹಿಸಿದ್ದರು. ಹೊಲ ಮಾರುವ ಮಾತು, ಕಾಕನ ಬೇರು, ಶಾಂತಮ್ಮನ ‘ಬ್ಯಾಡ’, ಎಲ್ಲವೂ ಯಾರೂ ಬರೆಯದೇ ಇದ್ದ ಚಿಕಿತ್ಸೆಯ ಸುತ್ತ ನಡೆದಿದ್ದವು. ಎರಡನೇ ಸಲ ಕಾಯಿಲೆ ಬಂದ ಮನೆಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೊದಲ ಸಲದ ನೆನಪು ಎಷ್ಟು ದಟ್ಟವಾಗಿರುತ್ತದೆ ಅಂದರೆ ಎರಡನೇ ಸಲದ ಕಾಗದ ಕಣ್ಣಿಗೆ ಬೀಳುವುದಿಲ್ಲ.

ಅವರಿಗೆ ನಾನು ಹೇಳಿದ್ದು ಇಷ್ಟು. ಎಲುಬಿನಲ್ಲಿ ಇದ್ದರೂ ಇದು ಸ್ತನದ್ದೇ ಕ್ಯಾನ್ಸರ್, ಬೇರೆ ಊರಿಗೆ ಹೋಗಿ ಕೂತಿದೆ. ಬೇರು ಸಮೇತ ಕಿತ್ತು ಹಾಕಲು ಆಗುವುದಿಲ್ಲ, ಈ ಮಾತನ್ನು ಮುಚ್ಚಿಡಲಾರೆ. ಆದರೆ ಹಿಡಿದು ನಿಲ್ಲಿಸಲು ಬರುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ. ನಿಮ್ಮ ಕಾಯಿಲೆ ಮೈಯಲ್ಲಿರುವ ಹೆಣ್ಣು ಹಾರ್ಮೋನನ್ನು ಉಂಡು ಬೆಳೆಯುವ ಜಾತಿಯದು. ಲೆಟ್ರೊಜೋಲ್ ಅದರ ಊಟ ಕಡಿಮೆ ಮಾಡುತ್ತದೆ, ಪಾಲ್ಬೊಸಿಕ್ಲಿಬ್ ಅದು ಬೆಳೆಯುವುದನ್ನು ತಡೆಯುತ್ತದೆ. ಇಂಥ ಕಾಯಿಲೆಗೆ ಯಕೃತ್ತು, ಶ್ವಾಸಕೋಶ ಬೇಗ ಬೇಗ ಕೆಡುತ್ತಿದ್ದರೆ ಮಾತ್ರ ಮೊದಲೇ ಕೀಮೋಗೆ ಹೋಗುತ್ತಾರೆ. ಮುಂದೆಂದಾದರೂ ಮಾತ್ರೆ ಕೆಲಸ ಮಾಡದಿದ್ದರೆ ಆ ಮಾತು ಬರಬಹುದು, ಆಗ ಮತ್ತೆ ನಿಮ್ಮನ್ನೇ ಕೇಳುತ್ತಾರೆ. ಈ ಮಾತ್ರೆಗಳಿಂದ ಕೂದಲು ಸ್ವಲ್ಪ ತೆಳ್ಳಗಾಗಬಹುದು. ಕೀಮೋದ ಹಾಗೆ ತಲೆ ಬೋಳಾಗುವುದಿಲ್ಲ.

“ಬೋಳಾಗಂಗಿಲ್ಲ?” ಅಂತ ಎರಡು ಸಲ ಕೇಳಿದರು.

ಎಷ್ಟು ದಿನ ಇರುತ್ತೇನೆ ಅಂತಲೂ ಕೇಳಿದರು. ಸಂಖ್ಯೆ ಕೊಡಲಿಲ್ಲ. ಅದು ಯಾರಿಗೂ ಗೊತ್ತಿರುವುದಿಲ್ಲ. ಆದರೆ “ಆ ದಿನಗಳು ಯಾವುದಕ್ಕೆ ಬೇಕು ಅಕ್ಕಾರ?” ಅಂತ ಕೇಳಿದೆ. ಹೊಲ ಇಬ್ಬರು ಗಂಡುಮಕ್ಕಳ ಪಾಲಿಗೆ ಉಳಿಯಬೇಕು. ಹುಲಿಗೆಮ್ಮಗೆ ಹೊತ್ತ ಹರಕೆ ಒಂದು ಬಾಕಿ ಇದೆ. ರಾತ್ರಿ ಮಗ್ಗುಲು ಬದಲಿಸುವಾಗ ಕೂಗುವ ಹಾಗೆ ನೋಯುತ್ತದೆ, ಅದು ನಿಲ್ಲಬೇಕು. ಮೂರನೆಯದನ್ನು ಕೊನೆಗೆ, ನಾಚಿಕೊಂಡು ಹೇಳಿದರು. ನನ್ನ ಪ್ರಕಾರ ಮೊದಲು ಆಗಬೇಕಾದದ್ದು ಅದೇ.

ನೋವಿಗೆ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದಿದ್ದರು. ಚಟ ಹಿಡಿಯುತ್ತದೆ ಅಂತ ಮಗ ಅದನ್ನು ಮನೆಗೆ ತಂದಿರಲೇ ಇಲ್ಲ. ಕ್ಯಾನ್ಸರ್ ನೋವಿಗೆ ಡಾಕ್ಟರ ಲೆಕ್ಕದಂತೆ ತೆಗೆದುಕೊಂಡರೆ ಆ ಭಯ ತೀರಾ ಕಡಿಮೆ. ನಿಜವಾದ ತೊಂದರೆ ಮಲಬದ್ಧತೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಕೇಳಿ ಪಡೆಯಬೇಕು. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆ ತಿದ್ದುಪಡಿ ಆದ ಮೇಲೆ ಮಾನ್ಯತೆ ಇರುವ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸರಳವಾಗಿದೆ. ಇಷ್ಟಾದರೂ ಮನೆಯವರ ಹೆದರಿಕೆಗೆ ಎಷ್ಟೋ ಜನ ನೋವು ನುಂಗುತ್ತ ಮಲಗಿರುತ್ತಾರೆ. ಇದು ನನಗೆ ತಡೆಯಲಾಗದ ಸಂಗತಿ.

ಕರೆಂಟ್ ವಿಷಯದಲ್ಲಿ ಒಂದು ಪ್ರಶ್ನೆ ಬರೆದುಕೊಟ್ಟೆ: “ಒಂದೇ ಸಲಕ್ಕೆ ಕೊಡಲು ಬರುತ್ತದೆಯೇ?” ಎಲುಬಿನ ನೋವು ತಗ್ಗಿಸಲು ಒಂದೇ ಸಲ 8 ಗ್ರೇ (ಗ್ರೇ ಅಂದರೆ ಕರೆಂಟಿನ ಅಳತೆ) ಕೊಟ್ಟರೂ ಹಲವು ಸಲ ಕೊಟ್ಟಷ್ಟೇ ನೋವು ಕಡಿಮೆಯಾಗುತ್ತದೆ. ಮುಂದೆ ಮತ್ತೊಮ್ಮೆ ಬೇಕಾಗುವ ಸಾಧ್ಯತೆ ಮಾತ್ರ ಸ್ವಲ್ಪ ಹೆಚ್ಚು. ನರದ ಮೇಲೆ ಒತ್ತಡ ಇದ್ದರೆ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. ಕೊಪ್ಪಳ ಜಿಲ್ಲೆಯ ಹಳ್ಳಿಯಿಂದ ಹುಬ್ಬಳ್ಳಿಗೆ ಹೋಗಿಬರುವವರಿಗೆ ಒಂದು ದಿನ ಮತ್ತು ಹತ್ತು ದಿನದ ನಡುವೆ ಲಾಡ್ಜಿನ ಬಾಡಿಗೆ, ಕೂಲಿ, ಎಮ್ಮೆಯ ಮೇವು ಎಲ್ಲವೂ ಬರುತ್ತವೆ. ಡಾಕ್ಟರು ನೋಡಿ ಒಂದೇ ಸಲ ಸಾಕು ಅಂದರು.

ಮಗನ ಜೊತೆ ಬೇರೆ ಮಾತು ಬೇಕಿತ್ತು. ಪಾಲ್ಬೊಸಿಕ್ಲಿಬ್‌ನ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದು, ನಮ್ಮ ದೇಶದ ಕಂಪನಿಗಳ ಮಾತ್ರೆ ಬಂದು ಬೆಲೆ ತುಂಬ ಇಳಿದಿದೆ. ಆದರೂ ತಿಂಗಳು ತಿಂಗಳು ಕೊಳ್ಳುವ ಔಷಧಿ. ಅದರ ದೊಡ್ಡ ಅಧ್ಯಯನದಲ್ಲಿ ಲೆಟ್ರೊಜೋಲ್ ಒಂದನ್ನೇ ತೆಗೆದುಕೊಂಡವರಲ್ಲಿ ಕಾಯಿಲೆ ಮುಂದುವರಿಯದೆ ನಿಂತದ್ದು ಸುಮಾರು 14.5 ತಿಂಗಳು, ಎರಡೂ ತೆಗೆದುಕೊಂಡವರಲ್ಲಿ ಸುಮಾರು 25 ತಿಂಗಳು. ಇದು ಇಡೀ ಗುಂಪಿನ ಮಧ್ಯದ ಲೆಕ್ಕ, ಒಬ್ಬೊಬ್ಬರದಲ್ಲ. ಆದರೆ ಒಟ್ಟು ಆಯುಷ್ಯದಲ್ಲಿ ಖಚಿತವಾದ ವ್ಯತ್ಯಾಸ ಆ ಅಧ್ಯಯನದಲ್ಲಿ ಕಾಣಲಿಲ್ಲ. ಅದೇ ಬಳಗದ ರೈಬೊಸಿಕ್ಲಿಬ್‌ನಲ್ಲಿ ಆಯುಷ್ಯ ಹೆಚ್ಚಿದ್ದು ಕಂಡಿದೆ. ಅದಕ್ಕೆ ಇಸಿಜಿ ನೋಡುತ್ತಿರಬೇಕು. ಯಾವುದು ಕೈಗೆ ಎಟುಕುತ್ತದೆ, ಯಾವುದು ಅವ್ವನ ಮೈಗೆ ಹೊಂದುತ್ತದೆ ಅಂತ ಡಾಕ್ಟರನ್ನು ಕೇಳು ಅಂದೆ. “ಆದರ ತಮ್ಮಾ, ಹೊಲ ಮಾರಲಿಲ್ಲ ಅಂದ್ರ ನೀನು ಅವ್ವನ್ನ ಕೈಬಿಟ್ಟಂಗಲ್ಲ. ಆ ನಾಲ್ಕು ತಿಂಗಳಿಂದು ನಿನ್ನೊಬ್ಬನ ತಪ್ಪೂ ಅಲ್ಲ.” ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಂಡು, ಈ ಪಟ್ಟಿಯಲ್ಲಿ ಯಾವುದಕ್ಕೆ ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯ ಸಿಬ್ಬಂದಿ) ಒಂದೊಂದಾಗಿ ಕೇಳಲು ಹೇಳಿದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ಪಾಲು ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಬಸ್ಸಾದರೆ ಅತ್ತೆ ಸೊಸೆ ಇಬ್ಬರಿಗೂ ಶಕ್ತಿ ಯೋಜನೆ ಇದ್ದೇ ಇದೆ.

ಕಾಕನ ಬೇರನ್ನು ನಾನು ಹಳಿಯಲು ಹೋಗಲಿಲ್ಲ. ಹಳಿದರೆ ಕದ್ದು ಕೊಡುತ್ತಾರೆ. ಮಾತ್ರೆಯ ಜೊತೆ ಅದು ಕೂಡಿದರೆ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲ, ಕೊಡುವ ಮೊದಲು ಡಾಕ್ಟರಿಗೆ ತೋರಿಸಿ ಅಂತ ಮಾತ್ರ ಕೇಳಿಕೊಂಡೆ. ಹುಲಿಗೆಮ್ಮನ ಹರಕೆ ಬೇಗ ಮುಗಿಸಲು ಕಾಕನಿಗೇ ಹೇಳಿದೆ. ನಡೆದುಕೊಂಡು ಬೇಡ, ಗಾಡಿಯಲ್ಲಿ.

ಸೊಸೆಯ ಹತ್ತಿರ ಒಂದು ಹಾಳೆ ಇದೆ, ನಾವಿಬ್ಬರೂ ಕೂತು ಬರೆದದ್ದು. ಪಾಲ್ಬೊಸಿಕ್ಲಿಬ್ ಊಟದ ಜೊತೆ 21 ದಿನ, ಆಮೇಲೆ 7 ದಿನ ಬಿಡುವು. ಹೇಳಿದ ದಿನ ರಕ್ತ ಪರೀಕ್ಷೆ. ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ಜೋಲೆಡ್ರೊನಿಕ್ ಶುರು ಮಾಡುವ ಮೊದಲು ಹುಳುಕು ಹಲ್ಲು ತೋರಿಸಬೇಕು, ಆಮೇಲೆ ಹಲ್ಲು ಕೀಳಿಸಿದರೆ ದವಡೆ ಎಲುಬಿಗೆ ತೊಂದರೆ ಆಗಬಹುದು. ಎಲ್ಲಕ್ಕಿಂತ ಮೇಲೆ, ಕೆಂಪು ಅಕ್ಷರದಲ್ಲಿ: ಕಾಲಲ್ಲಿ ಬಲ ಕಡಿಮೆಯಾದರೆ, ಜೋಮು ಹಿಡಿದರೆ, ಒಂದಾ ಎರಡಾ (ಮೂತ್ರ, ಮಲ) ತಡೆಯಲು ಬಾರದಿದ್ದರೆ ಅದೇ ದಿನ ಆಸ್ಪತ್ರೆ. ಬೆನ್ನುಹುರಿ ಒತ್ತಿ ಹೋದ ಮೇಲೆ ಒಂದು ದಿನ ತಡವಾದರೂ ಕಾಲು ತಿರುಗಿ ಬರದೆ ಹೋಗಬಹುದು.

ತೀರ್ಮಾನ ಶಾಂತಮ್ಮನದೇ. ಎರಡೂ ಮಾತ್ರೆ, ಎಲುಬಿನ ಡ್ರಿಪ್, ಒಂದು ಸಲ ಕರೆಂಟ್. ಮೂರು ತಿಂಗಳು ನೋಡುವುದು. ಸ್ಕ್ಯಾನಿನಲ್ಲಿ ಕಾಯಿಲೆ ನಿಂತಿದ್ದರೆ ಮುಂದುವರಿಸುವುದು. ಇಲ್ಲದಿದ್ದರೆ ಮೊದಲು ತನ್ನನ್ನು ಕೇಳಿ, ಆಮೇಲೆ ಹುಬ್ಬಳ್ಳಿ. “ರೊಕ್ಕಕ್ಕ ಆ ಸಣ್ಣ ಎಮ್ಮಿ ಮಾರ್ರಿ. ಹಾಲ ಕಡಿಮಿ ಮಾಡೈತಿ” ಅಂತ ಮಗನಿಗೆ ಅಂದರು. ಮೂರು ವಾರದಿಂದ ಎರಡು ಎಕರೆಯ ಲೆಕ್ಕ ಹಾಕುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲ ತಿಂಗಳು ಬಿಳಿ ರಕ್ತಕಣ ಇಳಿದು ಮಾತ್ರೆ ಒಂದು ವಾರ ನಿಲ್ಲಿಸಬೇಕಾಯಿತು. ಮಗ ಹೆದರಿ ಫೋನ್ ಮಾಡಿದ್ದ. ಈ ಮಾತ್ರೆಗೆ ಅದು ಸಾಮಾನ್ಯ, ಡಾಕ್ಟರು ಹೇಳಿದ ಹಾಗೆ ಮಾಡಿ ಅಂದೆ. ಕರೆಂಟ್ ಆದ ಮೂರು ವಾರಕ್ಕೆ ಶಾಂತಮ್ಮ ಮಗ್ಗುಲು ಬದಲಿಸಿ ಮಲಗುವಂತಾದರು. ಲೆಟ್ರೊಜೋಲ್‌ನಿಂದ ಬೆಳಿಗ್ಗೆ ಬೆರಳ ಗೆಣ್ಣು ಬಿಗಿಯುತ್ತವೆ, ರೊಟ್ಟಿ ಬಡಿಯಲು ಬರುವುದಿಲ್ಲ ಅಂತ ಅವರಿಗೆ ಬೇಸರ. ಭಾರ ಎತ್ತಬೇಡಿ ಅಂತ ಹೇಳಿದ್ದಕ್ಕೆ ಕೊಡ ಬಿಟ್ಟಿದ್ದಾರೆ, ಗದ್ದೆಯ ಬದುವಿಗೆ ಹೋಗಿ ನಿಲ್ಲುವುದು ಬಿಟ್ಟಿಲ್ಲ.

ಮೊನ್ನೆ ಮೂರು ತಿಂಗಳ ಸ್ಕ್ಯಾನ್ ಆಯಿತು. ಸಂಜೆ ಮಗ ಫೋನ್ ಮಾಡಿ, “ರಿಪೋರ್ಟ್ ವಾಟ್ಸ್‌ಆ್ಯಪ್ ಮಾಡೀನ್ರಿ ಮೇಡಂ. ಅವ್ವಗ ಹೇಳೂಕಿಂತ ಮೊದಲ ನೀವು ನೋಡ್ರಿ” ಅಂದ.

“ಅವ್ವನ ಕೈಯಾಗ ಫೋನ್ ಕೊಡಪ್ಪಾ” ಅಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ತಡೀರಿ, ಹಿತ್ತಲದಾಗ ಅದಾಳ” ಅಂದು ಕರೆಯಲು ಹೋದ.